ಆನೆ ಪ್ರೊಫೆಸರು ಯಾರ ಕಡೆಯವರು?

ಕೋಲಾರ ಜಿಲ್ಲೆಯ ಬೂದಿಕೋಟೆ, ಕಾಮಸಮುದ್ರದ ಸುತ್ತ ರಾಗಿ ತೆನೆ ಕಟ್ಟುವ ಹೊತ್ತಿಗೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಕಾಡುಪ್ರಾಣಿಗಳ ಮೇಲೆ ಡಾಕ್ಟರೇಟ್ ಮಾಡಿದವರೆಲ್ಲ ಪ್ರಾಣಿಗಳ ಕಡೆ, ರೈತನ ಕಡೆ ಮಾತಾಡುವವರು ಒಬ್ಬರೂ ಇಲ್ಲ ಎಂಬ ಮಾತು. ರಾತ್ರಿ ಆನೆ ನುಗ್ಗಿ, ಬೆಳಗಾಗುವಷ್ಟರಲ್ಲಿ ಹೊಲ ನೆಲಸಮವಾಗಿದ್ದನ್ನು ಕಂಡವರು ಹಾಗೆ ಅಂದರೆ ತಪ್ಪು ಹಿಡಿಯಲು ಯಾರಿಗೂ ಬಾಯಿಲ್ಲ. ಆದರೆ ಅದೇ ಮಾತು ಆನೆಯನ್ನೇ ಕಾಣದವರ ಭಾಷಣಗಳಲ್ಲಿ, ಅಂಕಣಗಳಲ್ಲಿ ಯಾರೂ ಒರೆಗೆ ಹಚ್ಚದ ಸತ್ಯವಾಗಿ ಓಡಾಡುತ್ತಿದೆ. ಅದರ ಜೊತೆಗೆ ಇನ್ನೊಂದು ನಂಬಿಕೆ. ವನ್ಯಜೀವಿ ಸಂರಕ್ಷಣೆ ಎಂದರೆ ಪಶ್ಚಿಮಘಟ್ಟ, ಬಂಡೀಪುರ, ನಾಗರಹೊಳೆ. ಕೋಲಾರದಂಥ ಒಣಸೀಮೆಯಲ್ಲಿ ಕಾಪಾಡುವುದಕ್ಕೆ ಏನಿದೆ? ಇಲ್ಲಿಗೆ ಬಂದ ಆನೆ ದಾರಿ ತಪ್ಪಿ ಬಂದದ್ದು, ಅದರ ಕಾಡಿಗೆ ಅಟ್ಟಿಬಿಟ್ಟರೆ ಕೆಲಸ ಮುಗಿಯಿತು.

ಈ ಎರಡು ನಂಬಿಕೆಗಳೂ ತಪ್ಪು. ಒಂದು ಇನ್ನೊಂದನ್ನು ಸಾಕುತ್ತಿರುವುದರಿಂದ ಎರಡನ್ನೂ ಒಟ್ಟಿಗೇ ಎತ್ತಿಕೊಳ್ಳಬೇಕಾಗಿದೆ. ಪ್ರಾಧ್ಯಾಪಕರು ಪ್ರಾಣಿಗಳ ಪರ ಎಂದು ಮೊದಲೇ ತೀರ್ಮಾನಿಸಿದರೆ ಅವರು ಕಂಡುಹಿಡಿದದ್ದೇನು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಕೋಲಾರದಲ್ಲಿ ಏನೂ ಇಲ್ಲ ಎಂದು ತೀರ್ಮಾನಿಸಿದರೆ ಪ್ರಾಧ್ಯಾಪಕರು ಇಲ್ಲಿಗೆ ಬರುವ ಅಗತ್ಯವೂ ಬೀಳುವುದಿಲ್ಲ. ನಷ್ಟವೆಲ್ಲ ರಾಗಿ ಬೆಳೆದವನ ಪಾಲಿಗೆ.

ಒಬ್ಬರ ವೃತ್ತಿಜೀವನವನ್ನೇ ಮುಂದಿಟ್ಟುಕೊಂಡು ನೋಡೋಣ. ರಾಮನ್ ಸುಕುಮಾರ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ದಶಕಗಳ ಕಾಲ ಪ್ರಾಧ್ಯಾಪಕರಾಗಿದ್ದವರು. ಏಷ್ಯಾದ ಆನೆಯ ಬಗ್ಗೆ ಜಗತ್ತು ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಅವರ ಕೆಲಸದಿಂದ ಬಂದದ್ದು. ಪತ್ರಿಕೆಗಳು ಅವರನ್ನು ಪರಿಚಯಿಸುವಾಗ ಪ್ರಶಸ್ತಿಗಳ ಪಟ್ಟಿ ಕೊಡುತ್ತವೆ: 2003ರಲ್ಲಿ ವಿಟ್ಲಿ ಚಿನ್ನದ ಪ್ರಶಸ್ತಿ, 2006ರಲ್ಲಿ ಜಪಾನಿನ ಕಾಸ್ಮೋಸ್ ಪ್ರಶಸ್ತಿ, ಕೇಂಬ್ರಿಜ್ ಪ್ರಕಟಿಸಿದ ಪುಸ್ತಕ. ಈ ಪಟ್ಟಿ ಓದಿದವರಿಗೆ ಅವರು ಆನೆಗಳ ಭಕ್ತರು ಎಂದೇ ತೋರುತ್ತದೆ. ಅವರು ಸಂಶೋಧನೆ ಶುರುಮಾಡಿದ್ದು ಯಾವ ಪ್ರಶ್ನೆಯಿಂದ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

1980ರ ದಶಕದ ಮೊದಲ ವರ್ಷಗಳಲ್ಲಿ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಮಾರ್ಗದರ್ಶನದಲ್ಲಿ ಪಿಎಚ್‌ಡಿಗೆ ಸೇರಿದ ಆ ಯುವಕ ಚಾಮರಾಜನಗರ, ಸತ್ಯಮಂಗಲದ ಕಾಡಂಚಿನ ಹಳ್ಳಿಗಳಿಗೆ ಹೋದರು. ಆನೆ ಕಾಡಿನಲ್ಲಿ ಹೇಗಿರುತ್ತದೆ ಎಂಬುದರಷ್ಟೇ ಮುಖ್ಯವಾಗಿ ಅದು ಹೊಲಕ್ಕೆ ಯಾಕೆ ಬರುತ್ತದೆ ಎಂಬುದೂ ಅವರ ಪ್ರಶ್ನೆಯಾಗಿತ್ತು. ಯಾವ ಆನೆ ಬಂತು, ಗಂಡೋ ಹೆಣ್ಣೋ, ಎಷ್ಟಿದ್ದವು, ಏನು ತಿಂದವು, ಬೆಳೆ ಆಗ ಯಾವ ಹಂತದಲ್ಲಿತ್ತು, ಎಷ್ಟು ನಷ್ಟವಾಯಿತು ಎಂದು ರೈತರ ಜೊತೆ ಹೊಲ ಹೊಲ ಸುತ್ತಿ ಬರೆದುಕೊಂಡರು. 1985ರಲ್ಲಿ ಅವರಿಗೆ ಡಾಕ್ಟರೇಟ್ ಸಿಕ್ಕಿತು. ಅಂದರೆ ಭಾರತದಲ್ಲಿ ಆನೆಯ ಕುರಿತ ಆಧುನಿಕ ವಿಜ್ಞಾನದ ತಳಪಾಯದಲ್ಲೇ ತುಳಿದು ಹಾಳಾದ ರಾಗಿ ಹೊಲದ ಲೆಕ್ಕ ಇದೆ. ರೈತನ ನಷ್ಟವನ್ನು ಹೊಲದಲ್ಲೇ ನಿಂತು, ವರ್ಷಗಟ್ಟಲೆ, ಒಂದು ಕ್ರಮದಲ್ಲಿ ಬರೆದಿಟ್ಟ ವಿದ್ಯಾರ್ಥಿಯನ್ನು ರೈತನ ವಿರೋಧಿ ಎಂದು ಕರೆಯುವುದು ಅನ್ಯಾಯ.

ಆ ಲೆಕ್ಕದಿಂದ ಹೊರಬಿದ್ದ ಸಂಗತಿ ಬೂದಿಕೋಟೆಗೆ ನೇರವಾಗಿ ಸಂಬಂಧಿಸಿದ್ದು. 1988ರಲ್ಲಿ ಗಾಡ್ಗೀಳರೊಡನೆ ‘ಅನಿಮಲ್ ಬಿಹೇವಿಯರ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧದಲ್ಲಿ ಅವರು ಹೇಳಿದ್ದಿಷ್ಟು. ಹೊಲಕ್ಕೆ ನುಗ್ಗುವುದರಲ್ಲಿ ಗಂಡಾನೆಗೂ ತಾಯಿ ಮುಂದಾಳಾಗಿರುವ ಹಿಂಡಿಗೂ ಬಹಳ ಅಂತರವಿದೆ. ವಯಸ್ಕ ಗಂಡಾನೆ ಹೊಲಕ್ಕಿಳಿಯುವ ರಾತ್ರಿಗಳು ಹಿಂಡಿನ ಹೆಣ್ಣಾನೆಯ ರಾತ್ರಿಗಳಿಗಿಂತ ಹಲವು ಪಟ್ಟು ಹೆಚ್ಚು. ಯಾಕೆ? ರಾಗಿ, ಭತ್ತದಂಥ ಬೆಳೆಗಳಲ್ಲಿ ಕಾಡಿನ ಹುಲ್ಲಿಗಿಂತ ಪ್ರೊಟೀನು, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಮೈ ತುಂಬಿಕೊಂಡ ಗಂಡಿಗೆ ಮದ ಚೆನ್ನಾಗಿ ಬರುತ್ತದೆ, ಇತರ ಗಂಡುಗಳ ಎದುರು ನಿಲ್ಲುವ ಬಲ ಬರುತ್ತದೆ, ಹೆಣ್ಣಿನ ಸಂಗ ಸಿಗುತ್ತದೆ. ಆದ್ದರಿಂದ ಗುಂಡಿಗೂ ಕರೆಂಟಿಗೂ ಎದೆಗೊಟ್ಟು ಹೊಲಕ್ಕೆ ಬರುವುದರಲ್ಲಿ ಅದಕ್ಕೆ ಲಾಭವಿದೆ. ಮರಿ ಕಟ್ಟಿಕೊಂಡ ತಾಯಿಗೆ ಅಷ್ಟು ಲಾಭವಿಲ್ಲ, ಅಪಾಯ ಮಾತ್ರ ಅಷ್ಟೇ ಇದೆ. ಹಾಗಾಗಿ ಹಿಂಡು ಬಂತೆಂದರೆ ಅದರ ಹಿಂದೆ ಬೇರೆ ಕಾರಣವನ್ನು ಹುಡುಕಬೇಕು: ಕಾಡು ತುಂಡಾಗಿದೆಯೇ, ನೀರು ಬತ್ತಿದೆಯೇ, ಮೇವು ಮುಗಿದಿದೆಯೇ?

ಇದು ಸಣ್ಣ ವ್ಯತ್ಯಾಸವಲ್ಲ. ಒಂಟಿ ಸಲಗವನ್ನೂ ಮರಿಗಳಿರುವ ಹಿಂಡನ್ನೂ ಒಂದೇ ಪಟಾಕಿಯಿಂದ ಓಡಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಗಡಿ ಹಳ್ಳಿಗಳೇ ಸಾಕ್ಷಿ. ಹಿಂಡು ಚದುರುತ್ತದೆ. ಒಂದು ಹೊಲಕ್ಕಿಳಿದಿದ್ದದ್ದು ನಾಲ್ಕು ಹೊಲಗಳಿಗೆ ನುಗ್ಗುತ್ತದೆ. ಮರಿಯಿಂದ ಬೇರ್ಪಟ್ಟ ತಾಯಿ ಅಡ್ಡ ಬಂದವರ ಮೇಲೆ ಬೀಳುತ್ತಾಳೆ. ಸಲಗವಾದರೋ ಪಟಾಕಿಯ ಸದ್ದಿಗೆ ಹೊಂದಿಕೊಳ್ಳುತ್ತದೆ. ಸೋಲಾರ್ ಬೇಲಿಯ ತಂತಿಯನ್ನು ಕರೆಂಟು ಹರಿಯದ ದಂತದಿಂದ ಎಳೆದು ಕೀಳುತ್ತದೆ, ಇಲ್ಲವೇ ಪಕ್ಕದ ಮರವನ್ನು ಬೇಲಿಯ ಮೇಲೆ ಕೆಡವಿ ದಾಟುತ್ತದೆ. ಎರಡಕ್ಕೂ ಬೇರೆ ಬೇರೆ ಉಪಾಯ ಬೇಕೆಂದು ಹೇಳುವ ತಿಳಿವಳಿಕೆ 1988ರಿಂದ ಅಚ್ಚಿನಲ್ಲಿದೆ. ಹೊಲ ಕಾಯುವವನ ಕೈಗೆ ಅದು ಕನ್ನಡದಲ್ಲಿ ತಲುಪಿದ್ದರೆ ಎಷ್ಟೋ ರಾತ್ರಿಗಳು ಬೇರೆಯಾಗಿರುತ್ತಿದ್ದವು.

ಇನ್ನು ‘ಅದರ ಕಾಡಿಗೆ ಅಟ್ಟುವ’ ಮಾತು. ಬಂಗಾರಪೇಟೆ ತಾಲ್ಲೂಕಿನ ದಕ್ಷಿಣ ಅಂಚಿನಲ್ಲಿ ಮೂರು ರಾಜ್ಯಗಳು ಒತ್ತೊತ್ತಾಗಿ ಕೂಡುತ್ತವೆ. ಒಂದು ಕಡೆ ತಮಿಳುನಾಡಿನ ಕೃಷ್ಣಗಿರಿ, ಇನ್ನೊಂದು ಕಡೆ ಆಂಧ್ರದ ಕುಪ್ಪಂ. 1980ರ ದಶಕದಲ್ಲಿ ಹೊಸೂರು, ಧರ್ಮಪುರಿ ಕಡೆಯ ಕಾಡುಗಳಿಂದ ಆನೆಗಳ ಗುಂಪುಗಳು ಪೂರ್ವಕ್ಕೆ ಸರಿದು ಚಿತ್ತೂರು ಜಿಲ್ಲೆ ಸೇರಿದವು. ಸುಮಾರು ಎರಡು ಶತಮಾನ ಆನೆಯೇ ಇಲ್ಲದಿದ್ದ ಸೀಮೆ ಅದು. ಆಂಧ್ರ ಸರ್ಕಾರ 1990ರಲ್ಲಿ ಕೌಂಡಿನ್ಯ ವನ್ಯಜೀವಿಧಾಮ ಘೋಷಿಸಿದ್ದು ಈ ಆನೆಗಳಿಗಾಗಿಯೇ. ಆನೆಗಳು ಬಂದು ಈಗ ನಲವತ್ತು ವರ್ಷಗಳ ಹತ್ತಿರವಾಯಿತು. ಹೆಣ್ಣಾನೆ ಹದಿನೈದರ ಆಸುಪಾಸಿನಲ್ಲಿ ಮರಿ ಹಾಕಲು ಶುರುಮಾಡುತ್ತದೆ. ಲೆಕ್ಕ ಹಾಕಿದರೆ, ಈ ಮೂರು ರಾಜ್ಯಗಳ ಕುರುಚಲು ಕಾಡಿನಲ್ಲಿ ಹುಟ್ಟಿದ ಹೆಣ್ಣುಮರಿಗಳು ಈಗ ತಾಯಂದಿರಾಗಿ, ಕೆಲವು ಅಜ್ಜಿಯರೂ ಆಗಿರಬೇಕು. ಅವುಗಳಿಗೆ ಹೊಸೂರಿನ ಕಾಡಾಗಲಿ ಬನ್ನೇರುಘಟ್ಟವಾಗಲಿ ತವರಲ್ಲ. ಹುಟ್ಟಿದ್ದು, ನೀರು ಕುಡಿದದ್ದು, ದಾರಿ ಕಲಿತದ್ದು ಇಲ್ಲೇ. ಅವುಗಳನ್ನು ಯಾವ ಕಾಡಿಗೆ ಅಟ್ಟುವುದು?

ಈಗ ನಡೆಯುತ್ತಿರುವುದೇನೆಂದರೆ ನಮ್ಮವರು ತಮಿಳುನಾಡಿನ ಕಡೆಗೆ ಅಟ್ಟುತ್ತಾರೆ, ಅವರು ಆಂಧ್ರದ ಕಡೆಗೆ, ಆಂಧ್ರದವರು ಮತ್ತೆ ಇತ್ತ. ಗಡಿಯೆಂಬುದು ಆನೆಗೆ ಗೊತ್ತಿಲ್ಲ. ಅಟ್ಟಿಸಿಕೊಂಡ ಸಿಟ್ಟು ಮಾತ್ರ ಗೊತ್ತು. 2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪಳಗಿದ ಕುಮ್ಕಿ ಆನೆಗಳನ್ನು ಆಂಧ್ರಕ್ಕೆ ಒಪ್ಪಿಸಿತು, ಚಿತ್ತೂರು ಕಡೆಯ ಹಾವಳಿ ತಡೆಯಲಿ ಎಂದು. ಎರಡು ರಾಜ್ಯಗಳು ಈ ವಿಷಯದಲ್ಲಿ ಕೈಜೋಡಿಸಿದ್ದು ಒಳ್ಳೆಯದೇ. ಆದರೆ ಓಡಿಸಲು ಬೇಕಾದ ಆನೆಯನ್ನು ಹಂಚಿಕೊಂಡವರು ಓಡುತ್ತಿರುವ ಆನೆಗಳ ಲೆಕ್ಕವನ್ನೂ ಹಂಚಿಕೊಳ್ಳಬೇಕಲ್ಲವೇ? ಎಷ್ಟು ಹಿಂಡು, ಎಷ್ಟು ಸಲಗ, ಯಾವ ತಿಂಗಳು ಯಾವ ಕಣಿವೆಯಲ್ಲಿ ಎಂಬ ಒಂದೇ ಲೆಕ್ಕದ ಪುಸ್ತಕ ಮೂರು ರಾಜ್ಯಗಳಿಗೂ ಇರಬೇಕು. ಅಂಥ ಪುಸ್ತಕ ಬರೆಯುವುದು ಅಟ್ಟುವ ಸಿಬ್ಬಂದಿಯ ಕೆಲಸವಲ್ಲ. ಅವರಿಗೆ ರಾತ್ರಿಯ ಕೆಲಸವೇ ಹೊರಲಾರದಷ್ಟಿದೆ. ಅದು ವಿಶ್ವವಿದ್ಯಾಲಯದ ಕೆಲಸ.

ಬೂದಿಕೋಟೆಯ ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಹಳೆಯ ಜಲಾಶಯವಿದೆ. ಅದೇ ನದಿಗೆ ಯರಗೋಳಿನಲ್ಲಿ, ಕೋಲಾರ, ಬಂಗಾರಪೇಟೆ, ಮಾಲೂರಿನ ಕುಡಿಯುವ ನೀರಿಗಾಗಿ, ಹೊಸ ಅಣೆಕಟ್ಟು ಬಂದಿದೆ. ತಮಿಳುನಾಡಿನ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿ 2019ರಲ್ಲಿ ತಳ್ಳಿಹೋಯಿತು. ಬರದ ಜಿಲ್ಲೆಗೆ ಆ ನೀರು ಬೇಕೇ ಬೇಕಿತ್ತು. ಆದರೆ ಗುಡ್ಡಗಾಡಿನ ನಡುವೆ ವರ್ಷವಿಡೀ ನೀರು ನಿಂತರೆ ಆನೆಗಳ ಓಡಾಟ ಬದಲಾಗದೆ ಇರುತ್ತದೆಯೇ? ಬೇಸಿಗೆಯಲ್ಲಿ ಅವು ಇಲ್ಲೇ ಉಳಿಯುತ್ತವೆಯೇ, ಉಳಿದರೆ ಸುತ್ತಲ ಟೊಮೆಟೊ, ಬಾಳೆ ತೋಟಗಳ ಗತಿಯೇನು? ಅಣೆಕಟ್ಟಿನ ನಕ್ಷೆ ಬರೆಯುವಾಗ ಎಂಜಿನಿಯರನ್ನು ಕೇಳಿದಷ್ಟೇ ಸಹಜವಾಗಿ ಈ ಪ್ರಶ್ನೆ ಕೇಳಬಲ್ಲ ಪ್ರಾಧ್ಯಾಪಕರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ‘ಪ್ರಾಣಿಗಳ ಕಡೆಯವರು’ ಎಂದು ಅವರನ್ನು ಹೊರಗಿಟ್ಟಾಗ ಏಟು ಬೀಳುವುದು ತೋಟದವನಿಗೆ.

ಎದುರು ಪಕ್ಷದ ಬಲವಾದ ವಾದವನ್ನು ಕೇಳಿಸಿಕೊಳ್ಳದೆ ಮುಂದೆ ಹೋಗಬಾರದು. ಅದನ್ನು ಮಂಡಿಸಿದವರು ಬೆಂಗಳೂರಿನವರೇ ಆದ ಇತಿಹಾಸಕಾರ ರಾಮಚಂದ್ರ ಗುಹಾ. 1997ರಲ್ಲಿ ‘ದಿ ಇಕಾಲಜಿಸ್ಟ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಜೀವವಿಜ್ಞಾನಿಗಳನ್ನು ಸರ್ವಾಧಿಕಾರಿ ಮನೋಭಾವದವರೆಂದೇ ಕರೆದರು. ಬಡದೇಶಗಳ ಕಾಡನ್ನು ತಮ್ಮ ಪ್ರಯೋಗಶಾಲೆಯಂತೆ ಕಾದಿರಿಸಿಕೊಳ್ಳಲು ಅಲ್ಲೇ ಹುಟ್ಟಿ ಬೆಳೆದ ಜನರನ್ನು ಎಬ್ಬಿಸಲೂ ಹಿಂಜರಿಯುವುದಿಲ್ಲ ಎಂಬುದು ಅವರ ದೂರು. ಆ ದೂರಿನಲ್ಲಿ ಸತ್ಯವಿದೆ. ರಾಷ್ಟ್ರೀಯ ಉದ್ಯಾನಗಳ ಹೆಸರಿನಲ್ಲಿ ಹಾಡಿ ಬಿಟ್ಟು ಹೊರಬಿದ್ದ ಜೇನುಕುರುಬರ ನೋವನ್ನು ಅಲ್ಲಗಳೆಯುವವರು ನಮ್ಮ ಕಾಡುಗಳ ಇತಿಹಾಸವನ್ನೇ ಅಲ್ಲಗಳೆದಂತೆ. ಮನುಷ್ಯನಿದ್ದಲ್ಲಿ ಕಾಡುಪ್ರಾಣಿ ಉಳಿಯದು ಎಂದು ಮೊದಲೇ ನಂಬಿಕೊಂಡು ಅಧ್ಯಯನಕ್ಕೆ ಇಳಿದವರೂ ಇದ್ದಾರೆ.

ಆದರೆ ಈ ದೂರನ್ನು ಇಡೀ ಕುಲದ ಮೇಲೆ ಹೊರಿಸುವುದು ಸರಿಯಲ್ಲ. ಗುಹಾ ಅವರೇ 1992ರಲ್ಲಿ ಭಾರತದ ಪರಿಸರ ಇತಿಹಾಸದ ಪುಸ್ತಕವನ್ನು ಬರೆದದ್ದು ಒಬ್ಬ ಜೀವವಿಜ್ಞಾನ ಪ್ರಾಧ್ಯಾಪಕರ ಜೊತೆ, ಮಾಧವ ಗಾಡ್ಗೀಳರ ಜೊತೆ. ಗಾಡ್ಗೀಳರ ವೃತ್ತಿಯ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಕಾಡುಗಳು ಬರಿದಾಗುತ್ತಿದ್ದವು. ಹಳ್ಳಿಗರ ದನ, ಹಳ್ಳಿಗರ ಕತ್ತಿ ಇದಕ್ಕೆ ಕಾರಣ ಎಂಬುದು ಆಗಿನ ಅಧಿಕೃತ ನಂಬಿಕೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಟ್ಟಿದ್ದ ಕಾಲ ಅದು. ಗಾಡ್ಗೀಳರು ಕಾಡಿನಲ್ಲೇ ಕೂತು ಮೆಳೆಗಳನ್ನು ನೋಡಿದರು. ಮೆಳೆಯ ಬುಡದಲ್ಲಿ ಸುತ್ತಿಕೊಂಡಿರುವ ಮುಳ್ಳಿನ ಹೊದಿಕೆಯನ್ನು ಕಡಿಯುವ ಅನುಕೂಲಕ್ಕಾಗಿ ತೆಗೆದುಹಾಕುವುದು ಕಾರ್ಖಾನೆಯ ಪದ್ಧತಿ. ಮುಳ್ಳು ಹೋದದ್ದೇ ತಡ, ಏಳುವ ಕಳಲೆಯೆಲ್ಲ ದನಕ್ಕೂ ಕಾಡುಪ್ರಾಣಿಗೂ ತುತ್ತು. ಆ ಊರುಗಳ ರೈತರು ಮೊದಲಿನಿಂದ ಹೇಳುತ್ತಿದ್ದದ್ದೂ ಇದನ್ನೇ. ‘ವೈಜ್ಞಾನಿಕ’ ಎನಿಸಿಕೊಂಡ ಪದ್ಧತಿ ತಪ್ಪು, ಊರಿನವರ ಮಾತು ಸರಿ ಎಂದು ದಾಖಲೆ ಸಮೇತ ಹೇಳಿದ್ದು ಒಬ್ಬ ಪ್ರಾಧ್ಯಾಪಕ. ಇದನ್ನು ಮರೆತು, ಅವರ ಸಮಿತಿಯ ಪಶ್ಚಿಮಘಟ್ಟ ವರದಿ ಬಂದ 2011ರಿಂದ ಈಚೆಗೆ ಅವರನ್ನು ಜನವಿರೋಧಿ ಎಂದು ಕರೆದದ್ದು ನಮ್ಮ ಸಾರ್ವಜನಿಕ ಚರ್ಚೆಯ ದೊಡ್ಡ ಲೋಪ.

ಸುಕುಮಾರ್ ಅವರ ಮೇಲಿನ ‘ಆನೆಪ್ರೇಮಿ’ ಎಂಬ ಪಟ್ಟ ಇನ್ನೂ ಸುಲಭವಾಗಿ ಕಳಚುತ್ತದೆ. ಹೈಕೋರ್ಟಿನ ನಿರ್ದೇಶನದಂತೆ 2012ರಲ್ಲಿ ಕರ್ನಾಟಕ ಆನೆ ಕಾರ್ಯಪಡೆ ರಚನೆಯಾಯಿತು. ಅವರು ಅದರ ಅಧ್ಯಕ್ಷರು. ಅದೇ ವರ್ಷ ಸಲ್ಲಿಕೆಯಾದ ವರದಿ ರಾಜ್ಯದ ನೆಲವನ್ನು ಮೂರು ಬಗೆಯಾಗಿ ನೋಡಿತು. ಆನೆಗೇ ಮೊದಲ ಹಕ್ಕಿರುವ ಸಂರಕ್ಷಣಾ ವಲಯ; ಆನೆಯೂ ಮನುಷ್ಯನೂ ಹೊಂದಿಕೊಂಡಿರಬೇಕಾದ ಸಹಬಾಳ್ವೆ ವಲಯ; ಮನುಷ್ಯನ ಬದುಕಿಗೇ ಆದ್ಯತೆ ಕೊಟ್ಟು ಆನೆಗಳನ್ನು ಹಿಡಿದು ಹೊರಗೆ ಸಾಗಿಸಬೇಕಾದ ವಲಯ. ಮೂರನೆಯದನ್ನು ಬರೆಯಲು ಧೈರ್ಯ ಬೇಕು. ಹಾಸನ ಜಿಲ್ಲೆಯ ಆಲೂರಿನ ಸುತ್ತಲ ಆನೆಗಳನ್ನು ಹಿಡಿಯಬೇಕೆಂದು ಆ ವರದಿ ಹೇಳಿತು. 2014ರಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ಅದಕ್ಕೂ ಬಹಳ ಹಿಂದೆ, ತಮ್ಮ ಸಂಶೋಧನೆಯ ದಿನಗಳಲ್ಲೇ, ಚಾಳಿ ಬಿದ್ದ ಸಲಗಗಳನ್ನು ಗುರುತಿಸಿ ಹಿಡಿದರೆ ಆನೆಗಳ ಒಟ್ಟು ಸಂತತಿಗೆ ಧಕ್ಕೆಯಾಗದು, ಹೆಣ್ಣಾನೆ ಸತ್ತರೆ ಮಾತ್ರ ಸಂತತಿಯೇ ಕುಸಿಯುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದ್ದರು. ಪ್ರಾಣಿಯ ಮೇಲಿನ ಮೋಹದಿಂದ ಇಂಥ ತೀರ್ಮಾನ ಬರುವುದಿಲ್ಲ.

ಆಲೂರಿನಲ್ಲಿ ಹಿಡಿದ ಮೇಲೂ ಹಾಸನದಲ್ಲಿ ಆನೆ ಸಮಸ್ಯೆ ಮುಗಿದಿಲ್ಲ, ನಿಜ. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಹಾಗೆಂದು ವರದಿಯೇ ತಪ್ಪು ಎನ್ನುವವರು ಅದರ ಒಂದು ಸಾಲನ್ನಷ್ಟೇ ಓದಿದವರು. ಹಿಡಿಯುವುದರ ಜೊತೆಗೆ ದಾರಿ ಮುಚ್ಚುವುದು, ನೆಲದ ಬಳಕೆ ಬದಲಿಸುವುದು, ಹಳ್ಳಿಗೆ ಮುನ್ಸೂಚನೆ ಕೊಡುವುದು ಎಲ್ಲವೂ ಒಟ್ಟಿಗೆ ನಡೆಯಬೇಕು. ನಾವು ಸುಲಭವಾದ, ಫೋಟೋ ಬರುವ ಭಾಗವನ್ನು ಮಾಡಿ ಉಳಿದದ್ದನ್ನು ಬಿಡುತ್ತೇವೆ. 2023ರ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಇಷ್ಟು ಆನೆಗಳನ್ನು ಇಟ್ಟುಕೊಂಡ ರಾಜ್ಯ ಅವುಗಳ ಬಗ್ಗೆ ಬಲ್ಲವರ ಮಾತನ್ನು ಅರ್ಧ ಕೇಳುವುದು ತೀರಾ ದುಬಾರಿ.

ಇನ್ನು ಎರಡನೆಯ ನಂಬಿಕೆ: ಕೋಲಾರದಲ್ಲಿ ಏನಿದೆ? ಈ ಜಿಲ್ಲೆಯ ಹನುಮನಹಳ್ಳಿಯ ಬಂಡೆಯೊಳಗಿನ ಒಂದು ಗುಹೆಯಲ್ಲಿ ಒಂದು ಬಾವಲಿ ಇದೆ. ಎಲೆಯಂಥ ಮೂಗಿನ, ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಜೀವ. ಅದು ಹೊಸ ಜಾತಿ ಎಂದು 1994ರಲ್ಲಿ ಡೀಟರ್ ಕಾಕ್ ಮತ್ತು ಎಚ್.ಆರ್. ಭಟ್ ವಿವರಿಸಿದರು, ಕೋಲಾರದ ಹೆಸರೇ ಅದಕ್ಕೆ ಅಂಟಿತು. ತೇರಹಳ್ಳಿಯ ಗುಹೆಯಲ್ಲಿ ಇದ್ದದ್ದು ಆಮೇಲೆ ಕಾಣೆಯಾಯಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತು ಅವರ ಸಂಗಡಿಗರು ಬಂಡೆ ಬಂಡೆ ಹುಡುಕಿ, ಅದರ ಕೂಗನ್ನು ದಾಖಲಿಸಿ, ಉಳಿದಿರುವುದು ಒಂದೇ ಗುಹೆಯಲ್ಲಿ, ಅದೂ ಇನ್ನೂರಕ್ಕಿಂತ ಕಡಿಮೆ ಎಂದು ಜಗತ್ತಿಗೆ ತಿಳಿಸಿದರು. ಗ್ರಾನೈಟ್ ಗಣಿಗಾರಿಕೆ ಆ ಬಂಡೆಗಳ ಕೊರಳಿಗೇ ಬಂದಿತ್ತು. ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಒಂದು ಸಸ್ತನಿ ನಮ್ಮ ಜಿಲ್ಲೆಯಲ್ಲಿದೆ ಎಂಬುದು ನಮ್ಮ ಶಾಲಾ ಮಕ್ಕಳಿಗೆ ಗೊತ್ತಿಲ್ಲ. ಕೋಲಾರ ಎಂದರೆ ಚಿನ್ನ, ಚಿನ್ನ ಮುಗಿದ ಮೇಲೆ ಏನೂ ಇಲ್ಲ ಎಂದು ಕಲಿಸಿದ್ದೇವೆ.

ಚಿನ್ನದ ಗಣಿಯ ಊರಿನ ಸುತ್ತಲ ಬಯಲಿನಲ್ಲಿ ಕೃಷ್ಣಮೃಗಗಳು ಓಡಾಡುತ್ತವೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದ ವಿಶಾಲ ಜಮೀನು ಅವುಗಳ ಆಸರೆ. ಆ ಜಮೀನಿಗೆ ಕೈಗಾರಿಕೆ ಬರಬೇಕು, ಊರಿನ ಯುವಕರಿಗೆ ಕೆಲಸ ಸಿಗಬೇಕು. ದಿನ ಬೆಳಗಾದರೆ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಸಾವಿರಾರು ಜನರನ್ನು ಕಂಡವರಾರೂ ಅದನ್ನು ಬೇಡ ಎನ್ನಲಾರರು. ಎಲ್ಲಿ ಕಾರ್ಖಾನೆ, ಎಲ್ಲಿ ಬಯಲು ಎಂದು ಕೂತು ಗೆರೆ ಎಳೆಯಲು ಮತ್ತೆ ಅದೇ ಬಗೆಯ ಪಂಡಿತರೇ ಬೇಕು. ನೆಲದಾಳದ ವಿಜ್ಞಾನಕ್ಕಾಗಿ ಜಗತ್ತು ಈ ಊರಿಗೆ ಬಂದಿದೆ: ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಇಟ್ಟ ಉಪಕರಣಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣವನ್ನು 1965ರಲ್ಲಿ ಗುರುತಿಸಿದವು, ಜಗತ್ತಿನ ಮೊದಲ ದಾಖಲೆಗಳಲ್ಲಿ ಅದೂ ಒಂದು. ನೆಲದ ಮೇಲಿನ ಜೀವಕ್ಕೂ ಅಷ್ಟೇ ಶ್ರದ್ಧೆ ಸಲ್ಲಬೇಕು.

ಇದೇ ಜಿಲ್ಲೆ 1980ರ ದಶಕದಲ್ಲಿ ‘ಬರಡು ಸೀಮೆಗೆ ನೀಲಗಿರಿಯೇ ಗತಿ’ ಎಂಬ ನಂಬಿಕೆಗೆ ಬಲಿಯಾದದ್ದನ್ನೂ ನೆನೆಯಬೇಕು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳು, ಗೋಮಾಳಗಳು ನೀಲಗಿರಿ ತೋಪುಗಳಾದವು. ಇಲ್ಲಿನ ಹುಲ್ಲು, ಕುರುಚಲು, ಕೆರೆಯ ಅಂಚು ಇವೆಲ್ಲ ಏನನ್ನು ಸಾಕುತ್ತಿವೆ ಎಂದು ಮೊದಲೇ ಅಳೆದಿಟ್ಟಿದ್ದರೆ ಅವುಗಳನ್ನು ‘ಪಾಳು’ ಎಂದು ಅಷ್ಟು ಸಲೀಸಾಗಿ ಬರೆದುಬಿಡಲು ಆಗುತ್ತಿರಲಿಲ್ಲ.

ಹಾಗಾದರೆ ಪ್ರಾಧ್ಯಾಪಕರ ಕಡೆ ದೋಷವೇ ಇಲ್ಲವೇ? ಇದೆ. ಆದರೆ ಜನ ಬೆರಳು ತೋರಿಸುವ ಜಾಗದಲ್ಲಿಲ್ಲ. ದೋಷವಿರುವುದು ವೃತ್ತಿಯನ್ನು ಅಳೆಯುವ ಕೋಲಿನಲ್ಲಿ. 2010ರಲ್ಲಿ ಯುಜಿಸಿ ತಂದ ಅಂಕ ಪದ್ಧತಿ ಕಾಲೇಜು, ವಿಶ್ವವಿದ್ಯಾಲಯದ ಅಧ್ಯಾಪಕರ ಬಡ್ತಿಯನ್ನು ಪ್ರಬಂಧಗಳ ಎಣಿಕೆಗೆ ಬಿಗಿಯಿತು. ಸಂರಕ್ಷಣೆಯ ವಿಜ್ಞಾನಕ್ಕೆ ಈ ಕೋಲು ಹೊಂದುವುದಿಲ್ಲ, ಯಾಕೆಂದರೆ ಅದರ ಫಸಲು ಬರಲು ದಶಕಗಳು ಬೇಕು. ಸುಕುಮಾರ್ ತಂಡ 1988ರಲ್ಲಿ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರ್ ನೆಲವನ್ನು ಗುರುತು ಹಾಕಿ, ಬೆರಳು ದಪ್ಪದ ಗಿಡದಿಂದ ಹಿಡಿದು ಹೆಮ್ಮರದವರೆಗೆ ಪ್ರತಿಯೊಂದಕ್ಕೂ ನಂಬರು ಕೊಟ್ಟು, ಯಾವುದು ಬದುಕಿದೆ ಯಾವುದು ಸತ್ತಿದೆ ಎಂದು ವರ್ಷ ವರ್ಷವೂ ನೋಡುತ್ತ ಬಂತು. ಒಣಕಾಡಿಗೆ ಬೆಂಕಿ ಬಿದ್ದರೆ, ಬರ ಬಂದರೆ, ಲಾಂಟಾನ ಹಬ್ಬಿದರೆ ಏನಾಗುತ್ತದೆ ಎಂದು ನಮಗೆ ಗೊತ್ತಾದದ್ದು ಇಂಥ ಹಟದಿಂದ. ಮೂರು ವರ್ಷದ ಯೋಜನೆ, ಎರಡು ಪ್ರಬಂಧ, ಮುಂದಿನ ಊರು ಎಂಬ ಓಟದಲ್ಲಿ ಇದು ಸಾಧ್ಯವಿಲ್ಲ. ಬೂದಿಕೋಟೆಯ ಆನೆಗೂ ಹನುಮನಹಳ್ಳಿಯ ಬಾವಲಿಗೂ ಬೇಕಾದದ್ದು ಈ ಹಟ.

ಭಾಷೆಯ ಪ್ರಶ್ನೆಯೂ ಇದೆ. ಕೋಲಾರ ಸೀಮೆಯವರೇ ಆದ ಕೆ.ಎನ್. ಗಣೇಶಯ್ಯ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಒಂದೇ ಕಾಯಿಯೊಳಗಿನ ಬೀಜಗಳು ಒಂದನ್ನೊಂದು ರಾಸಾಯನಿಕದಿಂದ ಕೊಲ್ಲುವುದನ್ನು ಶೀಶಮ್ ಮರದಲ್ಲಿ ಆರ್. ಉಮಾಶಂಕರ್ ಅವರೊಡನೆ ತೋರಿಸಿಕೊಟ್ಟು, ಅಲ್ಲಿಂದ ಶ್ರೀಗಂಧ, ಬೆತ್ತ, ಬಿಳಿಗಿರಿರಂಗನ ಬೆಟ್ಟದ ಕಿರು ಅರಣ್ಯ ಉತ್ಪನ್ನಗಳ ಸಂರಕ್ಷಣೆಗೆ ಬಂದವರು. ಅವರ ಕನ್ನಡ ಕಾದಂಬರಿಗಳಿಗೆ ದೊಡ್ಡ ಓದುಗ ಬಳಗವಿದೆ. ವಿಜ್ಞಾನಿಯೊಬ್ಬ ಕನ್ನಡದಲ್ಲಿ ಬರೆದರೆ ಕನ್ನಡಿಗ ಓದುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆನೆಯ ಲೆಕ್ಕವನ್ನು ಕನ್ನಡದಲ್ಲಿ, ಈ ಗಡಿಯಲ್ಲಾದರೆ ತೆಲುಗು ತಮಿಳುಗಳಲ್ಲೂ, ಹಳ್ಳಿಗೆ ಹಿಂದಿರುಗಿಸುವ ಕೆಲಸಕ್ಕೆ ಬಡ್ತಿಯಲ್ಲಿ ಪ್ರಬಂಧದಷ್ಟೇ ತೂಕ ಸಿಗಬೇಕು.

ಆ ದಾರಿಯಲ್ಲಿ ಗಾಡ್ಗೀಳರು ಬಹಳ ಹಿಂದೆಯೇ ಒಂದು ಹೆಜ್ಜೆ ಇಟ್ಟಿದ್ದರು. ಊರಿನ ಗಿಡ, ಪ್ರಾಣಿ, ಬೆಳೆ, ಅವುಗಳ ಬಗ್ಗೆ ಊರಿನವರಿಗಿರುವ ತಿಳಿವಳಿಕೆ ಎಲ್ಲವನ್ನೂ ಊರಿನವರೇ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ 1990ರ ದಶಕದಲ್ಲಿ ಅವರು ಬೆಳೆಸಿದ ಕಲ್ಪನೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಗ್ರಾಮ ಪಂಚಾಯ್ತಿಗೂ ಇದಕ್ಕಾಗಿ ಸಮಿತಿ ಇರಬೇಕೆಂದಿತು. ಹಸಿರು ನ್ಯಾಯಮಂಡಳಿ ಗಡುವು ಹಾಕಿದ ಮೇಲೆ 2020ರ ಸುಮಾರಿಗೆ ದೇಶದಾದ್ಯಂತ ದಾಖಲಾತಿಗಳು ತರಾತುರಿಯಲ್ಲಿ ತಯಾರಾದವು. ತರಾತುರಿಯಲ್ಲಿ ತಯಾರಾದದ್ದು ಬೀರುವಿನಲ್ಲೇ ಉಳಿಯುತ್ತದೆ. ಅದನ್ನು ಹೊರತೆಗೆದು, ಬೂದಿಕೋಟೆ, ಕಾಮಸಮುದ್ರದ ಪಂಚಾಯ್ತಿಗಳಲ್ಲಿ ಆನೆಗೇ ಒಂದು ಅಧ್ಯಾಯ ತೆರೆದು, ರಾಗಿ ಬಿತ್ತಿದ ದಿನದಿಂದ ಬಣವೆ ಒಟ್ಟುವವರೆಗೆ ಯಾವ ರಾತ್ರಿ ಏನು ಬಂತು ಎಂದು ಕಾವಲು ಕಾಯುವವನೇ ಬರೆಯುವಂತಾಗಲಿ. 1980ರ ದಶಕದಲ್ಲಿ ಸುಕುಮಾರ್ ತುಂಬಿದ ಹಾಳೆಗೂ ಈ ಹಾಳೆಗೂ ತತ್ವದಲ್ಲಿ ಭೇದವಿಲ್ಲ. ಈ ಬರವಣಿಗೆಯಲ್ಲಿ ಪರಿಹಾರದ ಅರ್ಜಿ ಕೇಳದ ನಷ್ಟಕ್ಕೂ ಜಾಗ ಇರಬೇಕು: ಕೆಟ್ಟ ನಿದ್ದೆ, ಮಾರನೆಯ ದಿನ ತಪ್ಪಿದ ಕೂಲಿ, ಆನೆ ಭಯಕ್ಕೆ ಬಿತ್ತದೆ ಬಿಟ್ಟ ಹೊಲ, ಕತ್ತಲಲ್ಲಿ ನಡೆದು ಬರಬೇಕಾದ ಹೆಣ್ಣುಮಕ್ಕಳು ಬಿಟ್ಟ ಟ್ಯೂಷನ್ನು.

ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಕೋಲಾರದ ಟಮಕದಲ್ಲಿ. ಅಲ್ಲಿ ಸಂರಕ್ಷಣಾ ಜೀವಶಾಸ್ತ್ರಕ್ಕೆ ಒಂದು ಪೀಠವಾಗಬೇಕು, ಅದರ ಕ್ಷೇತ್ರ ಕೇಂದ್ರ ಬೂದಿಕೋಟೆಯಲ್ಲಿರಬೇಕು ಎಂದು ನಮ್ಮ ಶಾಸಕರು, ಸಂಸದರು ಕೇಳಲಿ. ಆ ಹುದ್ದೆಗೆ ಬರುವವರ ಕೆಲಸದ ಒಪ್ಪಂದದಲ್ಲೇ ಬರೆದಿರಲಿ: ಕನಿಷ್ಠ ಹತ್ತು ವರ್ಷ ಇದೇ ಸೀಮೆ, ಮೂರು ರಾಜ್ಯಗಳ ಅರಣ್ಯ ಇಲಾಖೆಗಳಿಗೂ ಒಂದೇ ಲೆಕ್ಕ, ಪ್ರತಿ ವರ್ಷ ಸುಗ್ಗಿಗೆ ಮೊದಲು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ವರದಿ. ಆ ಸಭೆಯಲ್ಲಿ ಹಳ್ಳಿಗರು ಕೇಳಬೇಕಾದ ಮೊದಲ ಪ್ರಶ್ನೆ ಸುಕುಮಾರ್ ಕಾರ್ಯಪಡೆಯದೇ. ಮೂರು ವಲಯಗಳಲ್ಲಿ ನಮ್ಮ ಊರು ಯಾವುದು? ಆನೆಗೆ ಬಿಟ್ಟುಕೊಟ್ಟದ್ದೇ, ಹಂಚಿಕೊಂಡು ಬಾಳಬೇಕಾದದ್ದೇ, ಹಿಡಿದು ಸಾಗಿಸಬೇಕಾದದ್ದೇ? ಸಹಬಾಳ್ವೆಯ ವಲಯ ಎಂದು ಉತ್ತರ ಬಂದರೆ, ಬಾಳ್ವೆಯ ಖರ್ಚು ಯಾರು ಎಷ್ಟೆಷ್ಟು ಹೊರಬೇಕು ಎಂಬುದನ್ನು ಅದೇ ದಿನ, ಅದೇ ಸಭೆಯಲ್ಲಿ, ಹೊಲ ಹೊಲದ ಲೆಕ್ಕ ಮುಂದಿಟ್ಟುಕೊಂಡು ನಿರ್ಧರಿಸಬೇಕು.